ಮಂಗಳೂರಿನಿಂದ ಕಲಬುರಗಿಗೆ ಎಷ್ಟು ಹೊತ್ತು? ವಿಮಾನಯಾನ ನೋಡಿಕೊಳ್ಳುವವರಿಗೆ ಒಂದು ಬಹಿರಂಗ ಪತ್ರ

ರಾಜ್ಯದ ಮೂಲಸೌಕರ್ಯ ಅಭಿವೃದ್ಧಿ ಸಚಿವರಿಗೆ ಮತ್ತು ದೆಹಲಿಯಲ್ಲಿ ನಾಗರಿಕ ವಿಮಾನಯಾನ ಖಾತೆ ನೋಡಿಕೊಳ್ಳುವವರಿಗೆ,

ನಮಸ್ಕಾರ.

ನಾನು ಕಲಬುರಗಿ ಜಿಲ್ಲೆಯ ಆಳಂದ ತಾಲ್ಲೂಕಿನವನು. ಹನ್ನೊಂದು ವರ್ಷದಿಂದ ಮಂಗಳೂರಿನ ಒಂದು ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಿದ್ದೇನೆ. ಈ ಪತ್ರ ಬರೆಯಬೇಕು ಅಂತ ತುಂಬಾ ದಿನದಿಂದ ಅಂದುಕೊಂಡಿದ್ದೆ. ಸಿಟ್ಟು ಇಳಿಯಲಿ ಅಂತ ಕಾಯುತ್ತಿದ್ದೆ. ಈಗ ಸಿಟ್ಟು ಇಳಿದಿದೆ, ವಿಷಯ ಮಾತ್ರ ಹಾಗೇ ಇದೆ.

2024ರ ಜುಲೈ ಕೊನೆಯ ಶನಿವಾರ ರಾತ್ರಿ ಒಂಬತ್ತೂವರೆಗೆ ಊರಿನಿಂದ ಫೋನ್ ಬಂತು. ಅವ್ವ ಅಂಗಳದಲ್ಲಿ ಜಾರಿ ಬಿದ್ದಿದ್ದಾಳೆ, ಸೊಂಟದ ಮೂಳೆ ಮುರಿದ ಹಾಗಿದೆ, ಕಲಬುರಗಿಗೆ ಕರೆದುಕೊಂಡು ಹೊರಟಿದ್ದೇವೆ ಅಂದ ಕಾಕಾನ ಮಗ. ಬ್ಯಾಗಿಗೆ ಎರಡು ಬಟ್ಟೆ ತುರುಕಿಕೊಂಡೆ. ಆದರೆ ಹೋಗೋದು ಹೇಗೆ?

ಆ ತಿಂಗಳು ಕರಾವಳಿಯಲ್ಲಿ ಏನಾಗಿತ್ತು ಅಂತ ನಿಮಗೆ ನೆನಪಿರಬಹುದು. ಜುಲೈ 16ರಂದು ಅಂಕೋಲಾ ಹತ್ತಿರ ಶಿರೂರಿನಲ್ಲಿ ಗುಡ್ಡ ಕುಸಿದು ಜೀವಗಳು ಹೋದವು. ರಾಷ್ಟ್ರೀಯ ಹೆದ್ದಾರಿ 66 ದಿನಗಟ್ಟಲೆ ಮುಚ್ಚಿತ್ತು. ಶಿರಾಡಿ ಘಾಟಿಯಲ್ಲಿ ಯಾವಾಗ ಗಾಡಿ ಬಿಡುತ್ತಾರೆ, ಯಾವಾಗ ತಡೆಯುತ್ತಾರೆ ಅಂತ ಹೇಳುವ ಹಾಗಿರಲಿಲ್ಲ. ಫೋನ್ ಬರುವ ಹಿಂದಿನ ದಿನವಷ್ಟೇ ಎಡಕುಮರಿ ಮತ್ತು ಕಡಗರವಳ್ಳಿ ನಡುವೆ ಹಳಿ ಕೆಳಗಿನ ಮಣ್ಣು ಜಾರಿ ರೈಲೂ ನಿಂತುಹೋಗಿತ್ತು. ಉಳಿದಿದ್ದು ಆಕಾಶ ಒಂದೇ.

ಟಿಕೆಟ್ ಹುಡುಕಿದೆ. ಮಂಗಳೂರಿನಿಂದ ಕಲಬುರಗಿಗೆ ನೇರ ವಿಮಾನ ಸಿಗಲಿಲ್ಲ. ಬೆಂಗಳೂರಿಗೆ ಹೋಗಬೇಕು, ಅಲ್ಲಿ ಇಳಿಯಬೇಕು, ಇನ್ನೊಂದು ಕಂಪನಿಯ ವಿಮಾನ ಹತ್ತಬೇಕು. ಎರಡು ಬೇರೆ ಬೇರೆ ಟಿಕೆಟ್. ತೆಗೆದುಕೊಂಡೆ. ಬೆಳಗ್ಗೆ ಮಂಗಳೂರಿನ ವಿಮಾನ ನಿಲ್ದಾಣ ಇರುವ ಬಜ್ಪೆಗೆ ಹೋದರೆ ಹೊರಗೆ ಧೋ ಅಂತ ಮಳೆ. ಗುಡ್ಡದ ನೆತ್ತಿ ಕಡಿದು ಮಾಡಿದ ರನ್‌ವೇ ಅದು, ಮೋಡ ಬಂದರೆ ಏನೂ ಕಾಣುವುದಿಲ್ಲ. ಬರಬೇಕಿದ್ದ ವಿಮಾನ ತಡವಾಗಿ ಇಳಿಯಿತು, ತಡವಾಗಿ ಹೊರಟಿತು. ಅದಕ್ಕೆ ಯಾರನ್ನೂ ಬೈಯುವುದಿಲ್ಲ, ಪೈಲಟ್ ಕಾದಿದ್ದು ಒಳ್ಳೆಯದೇ. ಆದರೆ ನಾನು ಬೆಂಗಳೂರಿನಲ್ಲಿ ಇಳಿಯುವಷ್ಟರಲ್ಲಿ ಕಲಬುರಗಿ ವಿಮಾನದ ಬಾಗಿಲು ಹಾಕಿಯಾಗಿತ್ತು. ಕೌಂಟರಿನಲ್ಲಿದ್ದ ಹುಡುಗಿ ಪಾಪ ಸಮಾಧಾನವಾಗಿಯೇ ಹೇಳಿದಳು. ಟಿಕೆಟ್ ಬೇರೆ ಕಂಪನಿದು ಸಾರ್, ನೀವು ತಡವಾಗಿ ಬಂದಿದ್ದಕ್ಕೆ ನಾವು ಹೊಣೆ ಅಲ್ಲ, ಮುಂದಿನದು ನಾಳೆ ಇದೆ ಅಂತ. ಒಂದೇ ಟಿಕೆಟ್ಟಿನಲ್ಲಿ ಎರಡು ವಿಮಾನ ಇದ್ದರೆ ಕಂಪನಿಯೇ ಮುಂದಿನ ವಿಮಾನದಲ್ಲಿ ಕೂರಿಸಬೇಕು. ಬೇರೆ ಟಿಕೆಟ್ ಆದರೆ ಪ್ರಯಾಣಿಕನ ಹಣೆಬರಹ. ಇದು ನಮ್ಮಂಥವರಿಗೆ ಪೆಟ್ಟು ತಿಂದ ಮೇಲೆಯೇ ಗೊತ್ತಾಗೋದು.

ರಾತ್ರಿ ರೈಲು ಹತ್ತಿದೆ. ಜನರಲ್ ಬೋಗಿಯಲ್ಲಿ ರಾಯಚೂರಿನವರೆಗೆ ನಿಂತುಕೊಂಡೇ ಹೋದೆ. ಸೋಮವಾರ ಬೆಳಗ್ಗೆ ಏಳು ಗಂಟೆಗೆ ಕಲಬುರಗಿ ಆಸ್ಪತ್ರೆಯ ಮೆಟ್ಟಿಲು ಹತ್ತಿದೆ. ಫೋನ್ ಬಂದು ಮೂವತ್ತಮೂರೂವರೆ ಗಂಟೆ ಆಗಿತ್ತು. ಆಪರೇಷನ್ ಮುಗಿದಿತ್ತು. ಅಪ್ಪ ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತಿದ್ದರು. ಅವರ ಎಡಗೈ ಹೆಬ್ಬೆರಳಿಗೆ ಇನ್ನೂ ನೀಲಿ ಶಾಯಿ ಇತ್ತು. ಮಗ ಬರ್ತಾನೆ, ಅವನು ಓದಿ ಸಹಿ ಹಾಕ್ತಾನೆ ಅಂತ ಡಾಕ್ಟರ ಹತ್ತಿರ ಎರಡು ಸಲ ಕೇಳಿಕೊಂಡಿದ್ದರಂತೆ. ಜಾಸ್ತಿ ಕಾಯೋಕಾಗಲ್ಲ ಅಂದಾಗ ಓದಲು ಬಾರದ ಕಾಗದಕ್ಕೆ ಹೆಬ್ಬೆಟ್ಟು ಒತ್ತಿದ್ದರು. ಅವ್ವನ ಹಸಿರು ಬಳೆಗಳನ್ನು ಕರವಸ್ತ್ರದಲ್ಲಿ ಕಟ್ಟಿ ಜೇಬಿನಲ್ಲಿ ಇಟ್ಟುಕೊಂಡಿದ್ದರು. ಒಡೆಯೋದು ಬೇಡ ಅಂತ ನರ್ಸ್ ಸೋಪು ಹಚ್ಚಿ ಒಂದೊಂದಾಗಿ ತೆಗೆದುಕೊಟ್ಟಿದ್ದಳಂತೆ. ಅವ್ವ ಕಣ್ಣು ಬಿಟ್ಟು ನನ್ನ ನೋಡಿ ಅಂದಿದ್ದು ಇಷ್ಟೇ: "ಬಂದಿ ಏನಪಾ? ಭಾಳ ದೂರ ಆತಲ್ಲ."

ದೂರ. ಆ ಮಾತು ನನ್ನ ತಲೆಯಲ್ಲೇ ಕೂತುಬಿಟ್ಟಿತು.

ಶಾಲೆಗೆ ವಾಪಸ್ ಬಂದ ಮೇಲೆ ಒಂದು ದಿನ ಒಂಬತ್ತನೇ ಕ್ಲಾಸಿನ ಗೋಡೆಯಿಂದ ಕರ್ನಾಟಕದ ನಕ್ಷೆ ಇಳಿಸಿ ಮೇಜಿನ ಮೇಲೆ ಹರಡಿದೆ. ಒಬ್ಬಳು ಬಜ್ಪೆಯ ಮೇಲೆ ದಾರದ ತುದಿ ಒತ್ತಿ ಹಿಡಿದಳು. ಇನ್ನೊಬ್ಬ ಕಲಬುರಗಿಯ ಪಕ್ಕದ ಶ್ರೀನಿವಾಸ ಸರಡಗಿಯವರೆಗೆ ಎಳೆದ. ಸರಡಗಿ ಅಂದರೆ ನಮ್ಮ ವಿಮಾನ ನಿಲ್ದಾಣ ಇರುವ ಊರು, ಸೇಡಂ ರಸ್ತೆಯಲ್ಲಿದೆ. ದಾರ ಬಿಗಿಯಾದಾಗ ಅದು ಎಲ್ಲೆಲ್ಲಿ ಹೋಗುತ್ತದೆ ಅಂತ ಮಕ್ಕಳು ಓದಿದರು. ಆಗುಂಬೆ, ರಾಣೆಬೆನ್ನೂರು, ಕೊಪ್ಪಳದ ಪಕ್ಕ, ಲಿಂಗಸುಗೂರಿನ ಪಕ್ಕ. "ಸಾರ್, ಬೆಂಗಳೂರು ದಾರಿಯಲ್ಲೇ ಇಲ್ಲವಲ್ಲ" ಅಂದಳು ದಾರ ಹಿಡಿದಿದ್ದವಳು. ಒಂಬತ್ತನೇ ಕ್ಲಾಸಿನ ಮಗುವಿಗೆ ಕಂಡಿದ್ದು ಅದು.

ದಾರವನ್ನು ಸ್ಕೇಲಿಗೆ ಹಿಡಿದೆವು. ಆಮೇಲೆ ಅಕ್ಷಾಂಶ ರೇಖಾಂಶ ಇಟ್ಟುಕೊಂಡು ಬೋರ್ಡಿನ ಮೇಲೆ ಲೆಕ್ಕ ಮಾಡಿದೆವು. ನೇರವಾಗಿ ಸುಮಾರು 530 ಕಿಲೋಮೀಟರ್. ಮಂಗಳೂರಿನಿಂದ ಬೆಂಗಳೂರಿಗೆ ಸುಮಾರು 305, ಅಲ್ಲಿಂದ ಕಲಬುರಗಿಗೆ ಸುಮಾರು 460. ಅಂದರೆ ಬೆಂಗಳೂರು ಸುತ್ತಿದರೆ 765. ರಸ್ತೆಯಲ್ಲಿ ಹೋದರೂ ಯಾವ ದಾರಿ ಹಿಡಿಯುತ್ತೀರಿ ಅನ್ನುವುದರ ಮೇಲೆ 650ರಿಂದ 700ರ ಆಸುಪಾಸು ಆಗುತ್ತದೆ. ವಿಮಾನದಲ್ಲಿ ಹೋಗುವವನು ಬಸ್ಸಿನವನಿಗಿಂತ ಜಾಸ್ತಿ ದೂರ ಸುತ್ತುತ್ತಾನೆ.

ಇನ್ನೊಂದು ಲೆಕ್ಕ ಮಾಡಿದೆವು, ಅದೇ ನಿಮಗೆ ಮುಖ್ಯವಾಗಿ ಹೇಳಬೇಕಾಗಿರೋದು. ದಾರವನ್ನು ಹುಬ್ಬಳ್ಳಿಯ ಮೇಲೆ ಬಗ್ಗಿಸಿ ಎಳೆದರೆ ಎಷ್ಟಾಗುತ್ತದೆ? ಮಂಗಳೂರಿನಿಂದ ಹುಬ್ಬಳ್ಳಿಗೆ 265ರ ಹತ್ತಿರ, ಹುಬ್ಬಳ್ಳಿಯಿಂದ ಕಲಬುರಗಿಗೆ 295ರ ಹತ್ತಿರ. ಒಟ್ಟು 560. ನೇರ ದಾರಿಗಿಂತ ಬರೀ ಮೂವತ್ತು ಕಿಲೋಮೀಟರ್ ಜಾಸ್ತಿ! ಮಕ್ಕಳು ನಂಬಲಿಲ್ಲ, ಮತ್ತೆ ಅಳೆದರು. ನಾನೂ ಮನೆಗೆ ಬಂದು ಇನ್ನೊಂದು ಸಲ ಮಾಡಿದೆ. ಸರಿಯಾಗಿಯೇ ಇದೆ. ತ್ರಿಕೋನ ಚಪ್ಪಟೆಯಾಗಿದ್ದರೆ ಎರಡು ಬದಿಯ ಮೊತ್ತ ಮೂರನೆಯದಕ್ಕಿಂತ ಸ್ವಲ್ಪವೇ ಹೆಚ್ಚು ಅಂತ ಪಾಠದಲ್ಲಿ ಹೇಳಿಕೊಡುತ್ತೇವೆ. ಅದು ನಮ್ಮ ರಾಜ್ಯದ ಮೇಲೆಯೇ ಬರೆದಿದೆ.

ಹೊತ್ತಿನ ಲೆಕ್ಕಕ್ಕೆ ಬರೋಣ. ಎಪ್ಪತ್ತು ಸೀಟಿನ ಎಟಿಆರ್ ವಿಮಾನ, ರೆಕ್ಕೆಗೆ ಪಂಖ ಇರುವಂಥದ್ದು, ಮೇಲೇರಿದ ಮೇಲೆ ಗಂಟೆಗೆ ಸುಮಾರು 500 ಕಿಲೋಮೀಟರ್ ಹೋಗುತ್ತದೆ. 530ನ್ನು 500ರಿಂದ ಭಾಗಿಸಿ ಒಂದು ಗಂಟೆ ನಾಲ್ಕು ನಿಮಿಷ ಅಂದರು ಮಕ್ಕಳು. ಇಲ್ಲಪ್ಪ, ಅಷ್ಟಕ್ಕೇ ಮುಗಿಯಲ್ಲ ಅಂದೆ. ನಿಂತ ಜಾಗದಿಂದ ರನ್‌ವೇ ತುದಿಗೆ ಹೋಗಬೇಕು. ಏರುವಾಗ, ಇಳಿಯುವಾಗ ವೇಗ ಕಡಿಮೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ ನೋಡಿಕೊಂಡು ತಿರುಗಿ ಬಂದು ಇಳಿಯಬೇಕು. ವಿಮಾನದವರು ಟೈಮ್ ಟೇಬಲ್ಲಿನಲ್ಲಿ ಬರೆಯುವುದು ಚಕ್ರ ಉರುಳಿದಾಗಿನಿಂದ ಚಕ್ರ ನಿಲ್ಲುವವರೆಗಿನ ಹೊತ್ತು. ಹಾಗೆ ನೋಡಿದರೆ ಒಂದು ಗಂಟೆ ಇಪ್ಪತ್ತು, ಇಪ್ಪತ್ತೈದು ನಿಮಿಷ. ಸಣ್ಣ ಜೆಟ್ ಆದರೆ ಹತ್ತಿಪ್ಪತ್ತು ನಿಮಿಷ ಕಡಿಮೆ. ಹುಬ್ಬಳ್ಳಿಯಲ್ಲಿ ಇಳಿದು, ಇಪ್ಪತ್ತೈದು ನಿಮಿಷ ನಿಂತು, ಮತ್ತೆ ಏರಿದರೂ ಎರಡು ಗಂಟೆ ಚಿಲ್ಲರೆ. ಮನೆಯಿಂದ ಮನೆಗೆ ಅಂತ ಹಿಡಿದರೂ ಬೆಳಗ್ಗೆ ತಿಂಡಿ ತಿಂದು ಹೊರಟವನು ಮಧ್ಯಾಹ್ನದ ಊಟಕ್ಕೆ ಊರಲ್ಲಿರಬಹುದು.

ಬರೀ ನಮ್ಮೂರಿನ ಮಾತಲ್ಲ ಇದು. ಬೆಳಗಾವಿಯಿಂದ ಕಲಬುರಗಿಗೆ ಆಕಾಶದಲ್ಲಿ 300 ಕಿಲೋಮೀಟರೂ ಇಲ್ಲ. ಬೆಂಗಳೂರು ಸುತ್ತಿ ಬಂದರೆ 900 ದಾಟುತ್ತದೆ. ಮೂರು ಪಟ್ಟು!

ಕರಾವಳಿಗೂ ಕಲಬುರಗಿಗೂ ಏನು ಸಂಬಂಧ, ಯಾರು ಓಡಾಡುತ್ತಾರೆ ಅಂತ ನೀವು ಕೇಳಬಹುದು. ಯಾವತ್ತಾದರೂ ಸಂಜೆ ಬಿಜೈ ಬಸ್ ನಿಲ್ದಾಣಕ್ಕೆ ಬಂದು ಒಂದು ಗಂಟೆ ನಿಲ್ಲಿ. ಉತ್ತರಕ್ಕೆ ಹೊರಡುವ ಬಸ್ಸುಗಳ ಮುಂದೆ ಯಾರಿರುತ್ತಾರೆ ನೋಡಿ. ಪೇಂಟಿನ ಖಾಲಿ ಬಕೆಟ್ಟಿನಲ್ಲಿ ಪಾತ್ರೆ ತುಂಬಿಕೊಂಡ ಗಾರೆ ಕೆಲಸದವರು. ನರ್ಸಿಂಗ್ ಓದುವ ಹುಡುಗಿಯರು. ದೊಡ್ಡ ಎಕ್ಸ್‌ರೇ ಕವರನ್ನು ಮಡಚಿದರೆ ಹಾಳಾಗುತ್ತೆ ಅಂತ ಎದೆಗೆ ಒತ್ತಿ ಹಿಡಿದ ಮುದುಕರು. ಮಣಿಪಾಲದಲ್ಲಿ 1953ರಲ್ಲೇ ವೈದ್ಯಕೀಯ ಕಾಲೇಜು ಶುರುವಾಯಿತು. ಅವತ್ತಿನಿಂದ ಇವತ್ತಿನವರೆಗೆ ದೊಡ್ಡ ಕಾಯಿಲೆ ಅಂದರೆ ಮಣಿಪಾಲ, ಮಂಗಳೂರು ಅನ್ನುವ ಮಾತು ನಮ್ಮ ಕಡೆಯ ಹಳ್ಳಿಗಳಲ್ಲೂ ಇದೆ. ಆ ಕಡೆಯಿಂದ ಈ ಕಡೆಗೂ ಜನ ಬಂದಿದ್ದಾರೆ. ನಾನು ಚಿಕ್ಕವನಿದ್ದಾಗ ನಮ್ಮೂರ ಬ್ಯಾಂಕಿನ ಮ್ಯಾನೇಜರು ಹೆಂಡತಿ ಜೊತೆ ಯಾವುದೋ ಬೇರೆ ಭಾಷೆ ಮಾತಾಡುತ್ತಿದ್ದರು. ಅದು ತುಳು ಅಂತ ನನಗೆ ತಿಳಿದಿದ್ದು ಮಂಗಳೂರಿಗೆ ಬಂದ ಮೇಲೆ. ಕೆನರಾ, ಕಾರ್ಪೊರೇಷನ್, ಸಿಂಡಿಕೇಟ್, ವಿಜಯಾ, ನಾಲ್ಕೂ ಹುಟ್ಟಿದ್ದು ಕರಾವಳಿಯಲ್ಲೇ ಅಲ್ವಾ.

ಒಂದು ತುದಿ ಹೈದರಾಬಾದ್ ರಾಜ್ಯದಲ್ಲಿತ್ತು, ಇನ್ನೊಂದು ಮದ್ರಾಸಿನಲ್ಲಿ. 1956ರ ನವೆಂಬರ್ 1ರಂದು ಎರಡೂ ಒಂದೇ ರಾಜ್ಯಕ್ಕೆ ಸೇರಿದವು. ಆದರೆ ಈ ಎರಡು ತುದಿಯ ನಡುವಿನ ಪ್ರಯಾಣ ಮಾತ್ರ ಇವತ್ತಿಗೂ ರಾತ್ರಿಯೆಲ್ಲ ಬಸ್ಸಿನಲ್ಲಿ ಸೊಂಟ ನೋಯಿಸಿಕೊಳ್ಳುವುದೇ ಆಗಿದೆ.

ಇನ್ನು ನಿಲ್ದಾಣಗಳ ಮಾತು. ಬಜ್ಪೆಯಲ್ಲಿ 1951ರಿಂದ ವಿಮಾನ ಇಳಿಯುತ್ತಿದೆ. ಹುಬ್ಬಳ್ಳಿಯಲ್ಲೂ ನಿಲ್ದಾಣ ಇದೆ. ಕಲಬುರಗಿಯದು 2019ರ ನವೆಂಬರ್ 22ರಂದು ಶುರುವಾಯಿತು. ನಮ್ಮ ಜನ ವರ್ಷಗಟ್ಟಲೆ ಕೇಳಿ ಕೇಳಿ ಪಡೆದ ನಿಲ್ದಾಣ ಅದು. ಅದರ ರನ್‌ವೇ 3,175 ಮೀಟರ್ ಉದ್ದ ಇದೆ. ಎಟಿಆರ್‌ಗೆ ಅದರ ಅರ್ಧವೂ ಬೇಡ. ಅಂದರೆ ಕಾಂಕ್ರೀಟು, ಡಾಂಬರು, ಕಟ್ಟಡ ಯಾವುದಕ್ಕೂ ಹೊಸದಾಗಿ ದುಡ್ಡು ಕೇಳುತ್ತಿಲ್ಲ ನಾನು. ಇರುವ ಮೂರು ನಿಲ್ದಾಣಗಳ ನಡುವೆ ಒಂದು ಗೆರೆ ಎಳೆಯಿರಿ ಅಂತ ಕೇಳುತ್ತಿದ್ದೇನೆ.

ಪ್ರಯಾಣಿಕರು ಸಿಗಲ್ಲ ಅಂತ ಹೇಳುತ್ತಾರೆ, ನನಗೆ ಗೊತ್ತು. ಆ ಉತ್ತರವನ್ನು ನಾನು ಒಪ್ಪುವುದಿಲ್ಲ, ಯಾಕೆ ಅಂತ ಹೇಳುತ್ತೇನೆ. ನಾನು ಆ ಭಾನುವಾರ ಎರಡು ಟಿಕೆಟ್ ತೆಗೆದೆನಲ್ಲ, ಲೆಕ್ಕದಲ್ಲಿ ನಾನು ಏನಾದೆ? ಒಬ್ಬ ಮಂಗಳೂರು–ಬೆಂಗಳೂರು ಪ್ರಯಾಣಿಕ. ಇನ್ನೊಬ್ಬ ಬೆಂಗಳೂರು–ಕಲಬುರಗಿ ಪ್ರಯಾಣಿಕ, ಅವನೂ ಬರಲಿಲ್ಲ ಅಂತ ಬರೆದುಕೊಂಡಿರುತ್ತಾರೆ. ಮಂಗಳೂರಿನಿಂದ ಕಲಬುರಗಿಗೆ ಹೊರಟ ಮನುಷ್ಯ ಯಾವ ಕಾಗದದಲ್ಲೂ ಇಲ್ಲ. ಬಿಜೈಯಲ್ಲಿ ಎಕ್ಸ್‌ರೇ ಹಿಡಿದು ನಿಂತವರಂತೂ ವಿಮಾನದವರ ಕಣ್ಣಿಗೆ ಬೀಳೋದೇ ಇಲ್ಲ. ಆದರೆ ಅವರ ಲೆಕ್ಕ ಸರ್ಕಾರದ ಕೈಯಲ್ಲೇ ಇದೆ. ಕೆಎಸ್‌ಆರ್‌ಟಿಸಿ ನಿಮ್ಮದು. ವಾಯವ್ಯ ಸಾರಿಗೆ ನಿಮ್ಮದು. ಕಲಬುರಗಿಯಲ್ಲೇ ಕೇಂದ್ರ ಕಚೇರಿ ಇರುವ ಕಲ್ಯಾಣ ಕರ್ನಾಟಕ ಸಾರಿಗೆ ನಿಮ್ಮದು. ರಿಸರ್ವೇಷನ್ ಟಿಕೆಟ್ ಎಲ್ಲ ಕಂಪ್ಯೂಟರಿನಲ್ಲಿದೆ. ಒಂದು ವರ್ಷದ್ದು ತೆಗೆಸಿ ನೋಡಿ. ಯಾವ ತಿಂಗಳು ಎಷ್ಟು ಜನ, ಎಲ್ಲಿ ಹತ್ತಿ ಎಲ್ಲಿ ಇಳಿದರು ಅಂತ ಗೊತ್ತಾಗುತ್ತದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ವಿಮಾನ ಕಂಪನಿಗಳನ್ನು ಕರೆಯಿರಿ.

ಸಣ್ಣ ಊರುಗಳಿಗೂ ಕಡಿಮೆ ದರದಲ್ಲಿ ವಿಮಾನ ಬರಲಿ ಅಂತ ಕೇಂದ್ರ ಸರ್ಕಾರ ಮಾಡಿದ ಉಡಾನ್ ಯೋಜನೆ ಬಂದಿದ್ದೇ ಇದಕ್ಕೆ ಅಂತ ನಾನು ನಂಬಿದ್ದೆ, ಈಗಲೂ ನಂಬುತ್ತೇನೆ. 2016ರ ಅಕ್ಟೋಬರಿನಲ್ಲಿ ಯೋಜನೆ ಹೊರಬಂತು. 2017ರ ಏಪ್ರಿಲ್ 27ರಂದು ಶಿಮ್ಲಾದಿಂದ ದೆಹಲಿಗೆ ಮೊದಲ ವಿಮಾನ ಹಾರಿತು. ಒಂದು ಗಂಟೆಯ ಅಥವಾ ಸುಮಾರು ಐನೂರು ಕಿಲೋಮೀಟರಿನ ಹಾರಾಟಕ್ಕೆ ಅರ್ಧದಷ್ಟು ಸೀಟು 2,500 ರೂಪಾಯಿಗೆ ಅಂತ ಅವತ್ತು ಹೇಳಿದಾಗ ಎಷ್ಟು ಖುಷಿಯಾಗಿತ್ತು. ನಮ್ಮ ಈ 530 ಕಿಲೋಮೀಟರಿಗೆ ಹೇಳಿ ಮಾಡಿಸಿದ ಹಾಗಿದೆ. ತೊಂದರೆ ಇರೋದು ಒಂದು ಕಡೆ. ಕಂಪನಿಗೆ ಆಗುವ ಕೊರತೆಯನ್ನು ಸರ್ಕಾರ ಮೂರು ವರ್ಷ ತುಂಬಿಕೊಡುತ್ತದೆ, ಆಮೇಲೆ ಬಿಟ್ಟುಬಿಡುತ್ತದೆ. ಮೂರು ವರ್ಷ ಅಂದರೆ ಜನರಿಗೆ ಅಭ್ಯಾಸ ಆಗುವ ಹೊತ್ತು. ಅಷ್ಟರಲ್ಲಿ ವಿಮಾನ ಹೊರಟುಹೋಗಿರುತ್ತದೆ.

ಬೀದರಿನಲ್ಲಿ ಏನಾಯಿತು ನೋಡಿ. 2020ರ ಫೆಬ್ರವರಿ 7ರಂದು ಬೆಂಗಳೂರಿಗೆ ವಿಮಾನ ಶುರುವಾಯಿತು. ನಿಂತಿತು. 2022ರಲ್ಲಿ ಇನ್ನೊಂದು ಕಂಪನಿ ಬಂತು. ಅದೂ ನಿಂತಿತು. 2025ರ ಏಪ್ರಿಲ್‌ನಲ್ಲಿ ಮತ್ತೆ ಶುರುವಾಯಿತು, ಅದೂ ರಾಜ್ಯ ಸರ್ಕಾರ ಕೊರತೆ ತುಂಬಿಕೊಡಲು ಮುಂದೆ ಬಂದ ಮೇಲೆ. ಅವತ್ತು ಬೀದರಿನ ಗೆಳೆಯನೊಬ್ಬ ಫೋನ್ ಮಾಡಿ ಹಬ್ಬದ ಹಾಗೆ ಮಾತಾಡಿದ. ನೀವು ಮನಸ್ಸು ಮಾಡಿದರೆ ಆಗುತ್ತದೆ ಅನ್ನುವುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಡ. ಬೀದರ್–ಬೆಂಗಳೂರಿಗೆ ಮಾಡಿದ್ದನ್ನೇ ಕಲಬುರಗಿ–ಹುಬ್ಬಳ್ಳಿ–ಮಂಗಳೂರಿಗೂ ಮಾಡಿ ಅಂತ ಕೇಳುತ್ತೇನೆ. ದಿನಾ ಬೇಡ. ವಾರಕ್ಕೆ ಮೂರು ದಿನ ಸಾಕು. ಆದರೆ ಶುರು ಮಾಡುವಾಗಲೇ ಐದು ವರ್ಷ ನಡೆಸುತ್ತೇವೆ ಅಂತ ಹೇಳಿ ಶುರು ಮಾಡಿ. ನಂಬಿಕೆ ಬರದೆ ಯಾರೂ ಬಸ್ ಬಿಟ್ಟು ವಿಮಾನಕ್ಕೆ ಬರುವುದಿಲ್ಲ.

ಹುಬ್ಬಳ್ಳಿ ಯಾಕೆ ಅಂತ ಇನ್ನೊಂದು ಮಾತು. ಒಂದೇ ವಿಮಾನದಲ್ಲಿ ಮೂರು ಜೋಡಿ ಊರು ಸೇರುತ್ತವೆ. ಮಂಗಳೂರು–ಹುಬ್ಬಳ್ಳಿಯವರು ಇಳಿದ ಸೀಟಿನಲ್ಲಿ ಹುಬ್ಬಳ್ಳಿ–ಕಲಬುರಗಿಯವರು ಕೂರುತ್ತಾರೆ. ಧಾರವಾಡದ ಹೈಕೋರ್ಟ್ ಪೀಠದಲ್ಲಿ ಕೆಲಸ ಇರುವವರು, ವಿಶ್ವವಿದ್ಯಾಲಯಗಳ ಮಕ್ಕಳು, ವ್ಯಾಪಾರದವರು ಎಲ್ಲರಿಗೂ ಆಗುತ್ತದೆ. ಸೀಟು ಖಾಲಿ ಹೋಗುವ ಭಯ ಎರಡು ಕಡೆಗೆ ಹಂಚಿಹೋಗುತ್ತದೆ. ಇದಕ್ಕೆಲ್ಲ ತೆರಬೇಕಾದ್ದು ಆಕಾಶದಲ್ಲಿ ಮೂವತ್ತು ಕಿಲೋಮೀಟರ್, ನೆಲದ ಮೇಲೆ ಅರ್ಧ ಗಂಟೆ.

ಹಾಗೇ ಒಂದು ಸಣ್ಣ ಕೆಲಸ, ಇದಕ್ಕೆ ದೊಡ್ಡ ಖರ್ಚೇನಿಲ್ಲ. ವಿಮಾನ ಬರುವ ಹೊತ್ತಿಗೆ ಸರಡಗಿಯಿಂದ ಕಲಬುರಗಿ ಬಸ್ ನಿಲ್ದಾಣಕ್ಕೆ ಒಂದು ಬಸ್ ಇರಲಿ. ಹದಿನಾಲ್ಕು ಕಿಲೋಮೀಟರ್ ದೂರಕ್ಕೆ ಆಟೋದವರ ಜೊತೆ ಚೌಕಾಸಿ ಮಾಡುತ್ತಾ ನಿಲ್ಲುವ ಮುದುಕರನ್ನು ನೋಡಿದ್ದೇನೆ. ವಿಮಾನದಲ್ಲಿ ಉಳಿಸಿದ ಹೊತ್ತು ಅಲ್ಲೇ ಹೋಗಿಬಿಡುತ್ತದೆ.

ಮಳೆಗಾಲದಲ್ಲಿ ಬಜ್ಪೆಗೆ ವಿಮಾನವೂ ಬರಲ್ಲವಲ್ಲ ಅಂತ ಯಾರಾದರೂ ಹೇಳಿದರೆ, ಹೌದು, ಕೆಲವು ದಿನ ಹಾಗಾಗುತ್ತದೆ. ಆದರೆ ನೇರ ವಿಮಾನ ಎರಡು ಗಂಟೆ ತಡವಾದರೆ ನಾನು ಎರಡು ಗಂಟೆ ತಡವಾಗಿ ಅವ್ವನ ಹತ್ತಿರ ಇರುತ್ತೇನೆ. ಬೆಂಗಳೂರಿನ ಮೇಲೆ ಹೋದಾಗ ಅದೇ ಎರಡು ಗಂಟೆ ನನಗೆ ಒಂದು ಇಡೀ ಹಗಲು, ಒಂದು ಇಡೀ ರಾತ್ರಿ ಆಯಿತು.

ಅವ್ವ ಈಗ ವಾಕರ್ ಹಿಡಿದು ಓಡಾಡುತ್ತಾಳೆ. ಅಂಗಳಕ್ಕೆ ಹೊಸದಾಗಿ ಒರಟು ಫರಸಿ ಹಾಕಿಸಿದ್ದೇನೆ. ಮಂಗಳೂರಿಗೆ ಕರೆದುಕೊಂಡು ಬಂದು ಇಲ್ಲಿ ಒಂದು ಸಲ ತೋರಿಸಬೇಕು ಅಂತ ಆಸೆ ಇದೆ. ರಾತ್ರಿಯೆಲ್ಲ ಬಸ್ಸಿನಲ್ಲಿ ಕೂರಬಾರದು ಅಂತ ಡಾಕ್ಟರು ಖಡಾಖಂಡಿತ ಹೇಳಿದ್ದಾರೆ. ಬೆಂಗಳೂರಿನಲ್ಲಿ ಇಳಿಸಿ, ಹತ್ತಿಸಿ, ಅಷ್ಟು ಹೊತ್ತು ಕಾಯಿಸುವ ಧೈರ್ಯ ನನಗಿಲ್ಲ. ಹೋದ ದೀಪಾವಳಿಗೆ ಊರಿಗೆ ಹೋಗಿದ್ದಾಗ ಅವಳೇ ಕೇಳಿದಳು, ನೆಟ್ಟಗ ಹೋಗೂ ವಿಮಾನ ಇದ್ರ ಎಷ್ಟು ಹೊತ್ತು ಕೂಡಬೇಕಪ ಅಂತ. ಒಂದೂವರೆ ತಾಸು, ಹುಬ್ಬಳ್ಯಾಗ ನಿಂತ್ರ ಎರಡು ತಾಸು ಅಂದೆ. ಸ್ವಲ್ಪ ಹೊತ್ತು ಯೋಚನೆ ಮಾಡಿದಳು. "ಅಷ್ಟ ಆದ್ರ ಕೂಡ್ತೀನಿ ತಗೋ. ಯಾವಾಗ ಬಿಡ್ತಾರಂತ?" ಅಂದಳು.

ಅದಕ್ಕೆ ಏನು ಹೇಳಲಿ ಅಂತ ನಿಮ್ಮನ್ನು ಕೇಳುತ್ತಿದ್ದೇನೆ.

ಇಂತಿ,
ಆಳಂದ ತಾಲ್ಲೂಕಿನವನು, ಮಂಗಳೂರಿನ ಒಬ್ಬ ಗಣಿತದ ಮೇಷ್ಟ್ರು